ಬೋ ಟೈ ರೆಕ್ಕೆ ಜೋತುಬೀಳುತ್ತಿದ್ದರೆ

ರವಿಕೆ ಕಣದ ರೇಷ್ಮೆಯಲ್ಲಿ ನಾಲ್ಕು ವರ್ಷದ ಮಗನಿಗೆ ಹೊಲಿದ ಬೋ ಟೈ ಜೋತುಬಿದ್ದು ಒಂದು ಕಡೆ ವಾಲುತ್ತಿದೆ ಎಂದಿದ್ದೀರಿ. ಜೋತುಬೀಳುವುದು ಒಳಗೆ ಕ್ಯಾನ್ವಾಸ್ (ಬಟ್ಟೆ ಬಿರುಸಾಗಿಸುವ ಒಳಪದರ) ಇಲ್ಲದ್ದರಿಂದ; ವಾಲುವುದು ಬಹುಶಃ ಹಿಂದಿನ ಜೋಡಣೆ ನಡುವಿಗೆ ಬಾರದ್ದರಿಂದ.

ಬಟ್ಟೆ 22 × 13 ಸೆಂ.ಮೀ. ಇರಲಿ. ಇಸ್ತ್ರಿಗೆ ಅಂಟುವ ತೆಳು ಕ್ಯಾನ್ವಾಸನ್ನು ಸುತ್ತಲೂ 1 ಸೆಂ.ಮೀ. ಕಡಿಮೆ ಕತ್ತರಿಸಿ ಒಳಮೈಗೆ ಅಂಟಿಸಿ. ಕಾಲರಿನ ದಪ್ಪ ಕ್ಯಾನ್ವಾಸ್ ಬೇಡ, ರಟ್ಟಿನಂತಾಗುತ್ತದೆ. ರೇಷ್ಮೆಯ ಮೇಲೆ ಹತ್ತಿ ಬಟ್ಟೆ ಹಾಸಿ, ಇಸ್ತ್ರಿಯನ್ನು ಎಳೆಯದೆ ಹತ್ತು ಸೆಕೆಂಡು ಒತ್ತಿ ಎತ್ತಿ. ಎಳೆದರೆ ಗುಳ್ಳೆ ಏಳುತ್ತದೆ.

ಆಮೇಲೆ ಒಳಮೈ ಹೊರಗಾಗುವಂತೆ ಉದ್ದಕ್ಕೆ ಮಡಚಿ, 1 ಸೆಂ.ಮೀ. ಒಳಗೆ ಹೊಲಿದು ಮಗುಚಿ. ಹೊಲಿಗೆ ಹಿಂಬದಿಯ ನಡುವಿಗೆ ಬರಲಿ. ಎರಡೂ ತುದಿ ಹಿಂದಕ್ಕೆ ತಂದು 1 ಸೆಂ.ಮೀ. ಒಂದರ ಮೇಲೊಂದು ಇಟ್ಟು ಟಾಕು ಹಾಕಿ. ಈಗ ರೆಕ್ಕೆಗಳನ್ನು ಅಳೆಯಿರಿ, ಅರ್ಧ ಸೆಂ.ಮೀ. ವ್ಯತ್ಯಾಸವೂ ಕಣ್ಣಿಗೆ ಹೊಡೆಯುತ್ತದೆ.

ನೆರಿಗೆಯೇ ಮುಖ್ಯ. ನಡುವನ್ನು ತೋರುಬೆರಳಿನಿಂದ ಒಳಕ್ಕೆ ಒತ್ತಿ, ಮೇಲಿನ ಕೆಳಗಿನ ಅಂಚುಗಳನ್ನು ಹಿಂದಕ್ಕೆ ಮಡಚಿ. ಮುಂದೆ ಎರಡು ಏಣು, ನಡುವೆ ಒಂದು ಕಣಿವೆ ಕಾಣಬೇಕು. ಜೋಡಿ ದಾರದಿಂದ ಐದಾರು ಸುತ್ತು ಬಿಗಿದು ಗಂಟು ಹಾಕಿ. ಹೀಗೆ ಮಡಚದೆ ಸುಮ್ಮನೆ ದಾರ ಎಳೆದು ಸುಕ್ಕಿಸಿದರೆ ಮತ್ತೆ ವಾಲುತ್ತದೆ.

ನಡುಪಟ್ಟಿಗೆ 6 × 7 ಸೆಂ.ಮೀ. ತುಂಡು, ಹೊಲಿದಾಗ 2 ಸೆಂ.ಮೀ. ಅಗಲ ಉಳಿಯುತ್ತದೆ. ಅದನ್ನು ಸುತ್ತುವಾಗಲೇ ಹಿಂದೆ ಎಲಾಸ್ಟಿಕ್ ಇಟ್ಟು ಕೈಹೊಲಿಗೆ ಹಾಕಿ. ಎಲಾಸ್ಟಿಕ್ ತುದಿಗಳಿಗೆ ಹುಕ್ಕು ಬೇಕು, ಅಂಗಿ ಕಾಲರಿನ ಮೇಲೆ ಅಳೆಯಿರಿ, ಒಂದು ಬೆರಳು ಸಲೀಸಾಗಿ ತೂರಬೇಕು.

ಅಪ್ಪನಿಗೂ ಜೋಡಿ ಮಾಡುವುದಾದರೆ ಬಟ್ಟೆ 26 × 15 ಸೆಂ.ಮೀ. ತೆಗೆದುಕೊಳ್ಳಿ, ಉಳಿದದ್ದೆಲ್ಲ ಇದೇ.