ಕ್ಲಚ್ ಬಿಡೋದು ಹೇಗೆ? ಡ್ರ್ಯಾಗ್ ರೇಸ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಸರ್, ನನ್ನ ಹತ್ತಿರ ಪೋಲೋ 1.0 ಟಿಎಸ್‌ಐ ಮ್ಯಾನುಯಲ್ ಇದೆ. ಲೋಣಾವಳ ಹತ್ತಿರ ಆಂಬಿ ವ್ಯಾಲಿಯಲ್ಲಿ ನಡೆಯುವ ವ್ಯಾಲಿ ರನ್ ಡ್ರ್ಯಾಗ್ ರೇಸ್‌ನಲ್ಲಿ (ನಿಂತಲ್ಲಿಂದ ಹೊರಟು ನೇರ ದಾರಿಯಲ್ಲಿ ಓಡುವ ಸ್ಪರ್ಧೆ) ಓಡಿಸಬೇಕು ಅಂತ ಆಸೆ. 5000 ಆರ್‌ಪಿಎಂ ಇಟ್ಟು ಕ್ಲಚ್ ಬಿಟ್ಟರೆ ಟೈರ್ ನಿಂತಲ್ಲೇ ಸುತ್ತುತ್ತದೆ. 2000ಕ್ಕೆ ಬಿಟ್ಟರೆ ಕಾರು ಮುಗ್ಗರಿಸುತ್ತದೆ. ಸರಿಯಾದ ಆರ್‌ಪಿಎಂ ಎಷ್ಟು? (ಓದುಗರು, ತುಮಕೂರು)

ಉತ್ತರ: ಎಲ್ಲರೂ ಕೇಳೋದು ಆರ್‌ಪಿಎಂ ಎಷ್ಟು ಅಂತಲೇ. ಆದರೆ ನಿಮ್ಮ ತೊಂದರೆ ಇರೋದು ಬಲಗಾಲಲ್ಲಿ ಅಲ್ಲ, ಎಡಗಾಲಲ್ಲಿ. ನೀವು ಎರಡು ಸಲವೂ ಕ್ಲಚ್ಚನ್ನು ಒಂದೇ ಏಟಿಗೆ ಬಿಟ್ಟಿದ್ದೀರಿ ಅಲ್ವಾ?

ಕ್ಲಚ್ ಪ್ಲೇಟ್ ಜಾರುತ್ತಿರುವಷ್ಟು ಹೊತ್ತು ಚಕ್ರಕ್ಕೆ ಎಷ್ಟು ಟಾರ್ಕ್ ಹೋಗಬೇಕು ಅನ್ನೋದನ್ನು ನಿರ್ಧಾರ ಮಾಡೋದು ಎಂಜಿನ್ ಅಲ್ಲ, ಅದನ್ನು ಪ್ರೆಷರ್ ಪ್ಲೇಟ್ ಎಷ್ಟು ಒತ್ತಿ ಹಿಡಿದಿದೆ ಅನ್ನೋದು, ಅಂದರೆ ನಿಮ್ಮ ಎಡಗಾಲು. ಎಂಜಿನ್ 3000ದಲ್ಲಿರಲಿ, 5000ದಲ್ಲಿರಲಿ, ಪೆಡಲ್ ಅರ್ಧದಲ್ಲಿ ನಿಂತಿದ್ದರೆ ಚಕ್ರಕ್ಕೆ ಸಿಗೋದು ಹೆಚ್ಚುಕಡಿಮೆ ಅಷ್ಟೇ. ಇದೊಂದು ತಲೆಗೆ ಹೋದರೆ ಉಳಿದದ್ದೆಲ್ಲ ಸಲೀಸು. ಪೆಡಲ್ ಪೂರ್ತಿ ಬಿಟ್ಟ ಕ್ಷಣ ಎಂಜಿನ್ನಿನ ಟಾರ್ಕ್ ಜೊತೆಗೆ ತಿರುಗುತ್ತಿರುವ ಫ್ಲೈವೀಲ್‌ನಲ್ಲಿ (ಎಂಜಿನ್ನಿಗೆ ಜೋಡಿಸಿದ ಭಾರದ ಚಕ್ರ) ಕೂಡಿಟ್ಟ ಶಕ್ತಿಯೂ ಒಟ್ಟಿಗೆ ಬಂದು ಚಕ್ರಕ್ಕೆ ಬಡಿಯುತ್ತದೆ. ಟೈರ್ ತಡೆಯೋದಿಲ್ಲ. ನಿಮ್ಮದು ಮುಂದಿನ ಚಕ್ರ ಎಳೆಯುವ ಕಾರು, ಹೊರಡುವಾಗ ಭಾರವೆಲ್ಲ ಹಿಂದಕ್ಕೆ ವಾಲುತ್ತದೆ, ಹಿಡಿತ ಬೇಕಾದ ಕಡೆಯೇ ಹಿಡಿತ ಕಮ್ಮಿಯಾಗುತ್ತದೆ.

ಹೀಗೆ ಮಾಡಿ. ಮೊದಲು ಕಾರು ನಿಂತಿರುವಾಗ ಬೈಟಿಂಗ್ ಪಾಯಿಂಟ್, ಅಂದರೆ ಕ್ಲಚ್ ಹಿಡಿಯಲು ಶುರುವಾಗುವ ಜಾಗ ಹುಡುಕಿ. ಸಮತಟ್ಟು ಜಾಗ, ಫಸ್ಟ್ ಗೇರ್, ಆಕ್ಸಿಲರೇಟರ್ ಮುಟ್ಟಬೇಡಿ, ಕ್ಲಚ್ಚನ್ನು ನಿಧಾನಕ್ಕೆ ಬಿಡುತ್ತಾ ಬನ್ನಿ. ಎಂಜಿನ್ ಶಬ್ದ ಸ್ವಲ್ಪ ಕುಗ್ಗಿ ಕಾರಿನ ಮೂತಿ ಒಂಚೂರು ಅಲ್ಲಾಡುತ್ತದಲ್ಲ, ಅದೇ ಜಾಗ. ಹಿಮ್ಮಡಿಯನ್ನು ನೆಲಕ್ಕೆ ಊರಿಕೊಂಡು ಪಾದದ ಮುಂಭಾಗದಿಂದ ಮಾತ್ರ ಪೆಡಲ್ ಆಡಿಸಿ. ಕಾಲನ್ನು ಗಾಳಿಯಲ್ಲಿ ಇಟ್ಟುಕೊಂಡರೆ ಪ್ರತಿ ಸಲವೂ ಒಂದೊಂದು ಥರ ಆಗುತ್ತದೆ. ಸೀಟನ್ನು ಮಾಮೂಲಿಗಿಂತ ಒಂದು ಹಲ್ಲು ಮುಂದಕ್ಕೆ ಎಳೆದುಕೊಂಡರೆ ಇನ್ನೂ ಸುಲಭ. ಚಪ್ಪಲಿ ಬೇಡ, ತೆಳ್ಳಗಿನ ಅಟ್ಟೆಯ ಶೂ ಹಾಕಿ.

ಲೈನ್‌ನಲ್ಲಿ ನಿಂತಾಗ ಕ್ಲಚ್ಚನ್ನು ಬೈಟಿಂಗ್ ಪಾಯಿಂಟ್‌ಗಿಂತ ಕೂದಲೆಳೆಯಷ್ಟು ಕೆಳಗೆ ಹಿಡಿದಿಟ್ಟು, ಆರ್‌ಪಿಎಂ ಅನ್ನು 3000ದ ಆಸುಪಾಸಿಗೆ ತಂದು ಅಲ್ಲಾಡದಂತೆ ನಿಲ್ಲಿಸಿ. ನಿಮ್ಮ ಎಂಜಿನ್ 175 ಎನ್‌ಎಂ ಟಾರ್ಕನ್ನು 1750ರಲ್ಲೇ ಕೊಡುತ್ತದೆ, 5000ದ ಅಗತ್ಯವೇ ಇಲ್ಲ. ಹೊರಡುವಾಗ ಪೆಡಲನ್ನು ಬೈಟಿಂಗ್ ಪಾಯಿಂಟ್‌ವರೆಗೆ ಬೇಗ ಬಿಡಿ, ಅಲ್ಲಿ ಒಂದು ಗಳಿಗೆ ತಡೆಯಿರಿ, ಕಾರು ಉರುಳಿ ವೇಗ ಹಿಡಿಯುತ್ತಿದ್ದಂತೆ ಉಳಿದದ್ದನ್ನು ಬಿಡುತ್ತಾ ಬಲಗಾಲನ್ನು ಪೂರ್ತಿ ಒತ್ತಿ. ಎಲ್ಲ ಸೇರಿ ಒಂದು ಸೆಕೆಂಡಿನ ಮಾತು. ಸಣ್ಣ ಕಾರುಗಳಲ್ಲಿ ಫಸ್ಟ್ ಗೇರ್‌ನ 3000 ಆರ್‌ಪಿಎಂ ಅಂದರೆ ಸುಮಾರು 20-25 ಕಿ.ಮೀ. ವೇಗ. ಅಷ್ಟು ಬರುವ ಹೊತ್ತಿಗೆ ಕ್ಲಚ್ ಪೂರ್ತಿ ಹಿಡಿದಿರಬೇಕು.

ಟೈರ್ ಸ್ವಲ್ಪ ಕಿರುಗುಟ್ಟಿದರೆ ಒಳ್ಳೆಯದೇ, ಕಿರುಚಿದರೆ ಜಾಸ್ತಿಯಾಯ್ತು. ಸ್ಟೀರಿಂಗ್ ಧಡಧಡ ಅಂದು ಮುಂಭಾಗವೆಲ್ಲ ಕುಣಿದರೆ ಅದು ವೀಲ್ ಹಾಪ್, ತಕ್ಷಣ ಕಾಲು ತೆಗೆಯಿರಿ. ಚಕ್ರ ತಿರುಗಿಸುವ ಡ್ರೈವ್ ಶಾಫ್ಟ್ ಮುರಿಯೋದು ಆಗಲೇ.

ಗೆದ್ದೆವೋ ಸೋತೆವೋ ಅನ್ನೋದಕ್ಕಿಂತ ಮೊದಲು ಟೈಮಿಂಗ್ ಚೀಟಿ ಕೊಟ್ಟರೆ ಅದರಲ್ಲಿ ಮೊದಲ 60 ಅಡಿಯ ಟೈಮ್ ನೋಡಿ. 402 ಮೀಟರ್ ಓಟದಲ್ಲಿ ಈ 18 ಮೀಟರ್ ಏನು ಮಹಾ ಅನ್ನಿಸಬಹುದು. ಆದರೆ ಇಲ್ಲಿ ಸೆಕೆಂಡಿನ ಹತ್ತನೇ ಒಂದು ಭಾಗ ಉಳಿಸಿದರೆ ಕೊನೆಯಲ್ಲಿ ಅದಕ್ಕಿಂತ ಜಾಸ್ತಿಯೇ ಉಳಿಯುತ್ತದೆ. ಒಂದು ರನ್‌ಗೆ ಒಂದೇ ಬದಲಾವಣೆ ಮಾಡಿ. ಆರ್‌ಪಿಎಂ ಬದಲಿಸಿದರೆ ಟೈರ್ ಗಾಳಿ ಮುಟ್ಟಬೇಡಿ. ಇಲ್ಲದಿದ್ದರೆ ಯಾವುದರಿಂದ ಲಾಭವಾಯ್ತು ಅಂತಲೇ ಗೊತ್ತಾಗೋದಿಲ್ಲ.

ಪ್ರಶ್ನೆ: ಬೆಳಗಿನ ಜಾವ ನಾಲ್ಕಕ್ಕೆ ಏರ್‌ಪೋರ್ಟ್ ರಸ್ತೆ ಖಾಲಿ ಇರುತ್ತದೆ. ಅಲ್ಲಿ ಪ್ರಾಕ್ಟೀಸ್ ಮಾಡಬಹುದಾ? (ಓದುಗರು, ಯಲಹಂಕ)

ಉತ್ತರ: ಬೇಡ. ಆ ಹೊತ್ತಿಗೆ ಫ್ಲೈಟ್ ಹಿಡಿಯೋರು, ಹಾಲಿನ ಗಾಡಿ, ರಸ್ತೆ ಗುಡಿಸೋರು ಎಲ್ಲರೂ ಅಲ್ಲೇ ಇರುತ್ತಾರೆ. ಮೋಟಾರು ವಾಹನ ಕಾಯ್ದೆಯ 189ನೇ ಸೆಕ್ಷನ್ ಪ್ರಕಾರ ಅನುಮತಿ ಇಲ್ಲದೆ ರಸ್ತೆಯಲ್ಲಿ ರೇಸ್ ಮಾಡೋದು ಅಪರಾಧ, ಮೊದಲ ಸಲಕ್ಕೇ 3 ತಿಂಗಳವರೆಗೆ ಜೈಲಾಗಬಹುದು. ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ಕ್ರೀಡಾ ಒಕ್ಕೂಟ) ಅನುಮತಿ ಇರುವ ಸ್ಪರ್ಧೆಗೆ ಹೆಸರು ಕೊಡಿ. ಬೈಟಿಂಗ್ ಪಾಯಿಂಟ್ ಅಭ್ಯಾಸಕ್ಕೆ ಮನೆಯ ಕಾಂಪೌಂಡ್ ಸಾಕು.

ಪ್ರಶ್ನೆ: ನನ್ನದು ಡೀಸೆಲ್ ಕಾರು. ಎಷ್ಟು ಹುಷಾರಾಗಿ ಬಿಟ್ಟರೂ ಹೊರಟ ತಕ್ಷಣ ಎಂಜಿನ್ ಉಸಿರು ಕಟ್ಟಿದ ಹಾಗೆ ಆಗುತ್ತದೆ. ಮೂರು ಸಲ ಮಾಡುವಷ್ಟರಲ್ಲಿ ಸುಟ್ಟ ವಾಸನೆ. ಸೆರಾಮಿಕ್ ಕ್ಲಚ್ ಹಾಕಿಸಲಾ? (ಓದುಗರು, ಚಿಕ್ಕಮಗಳೂರು)

ಉತ್ತರ: ಉಸಿರು ಕಟ್ಟೋದು ಟರ್ಬೋ ಇನ್ನೂ ಎದ್ದಿಲ್ಲದ ಕಾರಣ. ನಿಂತಲ್ಲೇ ರೇಸ್ ಕೊಟ್ಟರೆ ಎಂಜಿನ್ ಮೇಲೆ ಭಾರ ಇರೋದಿಲ್ಲ, ಹಾಗಾಗಿ ಬೂಸ್ಟ್ (ಟರ್ಬೋ ಎಂಜಿನ್ನಿಗೆ ಒತ್ತಿ ತುಂಬುವ ಗಾಳಿ) ಸರಿಯಾಗಿ ಬರೋದಿಲ್ಲ. 2500ರ ಹತ್ತಿರ ಇಟ್ಟು, ಪೆಟ್ರೋಲ್ ಕಾರಿಗಿಂತ ತುಸು ಹೆಚ್ಚು ಹೊತ್ತು ಕ್ಲಚ್ ಜಾರಿಸಿ, ಆ ಭಾರದಲ್ಲೇ ಟರ್ಬೋ ಏಳಲಿ. ಕೆಲವರು ಹ್ಯಾಂಡ್ ಬ್ರೇಕ್ ಎಳೆದು ಹಾಫ್ ಕ್ಲಚ್‌ನಲ್ಲಿ ಕಾಯುತ್ತಾ ನಿಲ್ಲುತ್ತಾರೆ, ಅದನ್ನು ಮಾಡಬೇಡಿ. ಸುಡೋದೇ ಅಲ್ಲಿ. ಕಾರು ನಿಂತಿದ್ದಷ್ಟು ಹೊತ್ತು ಆ ಶಕ್ತಿಯೆಲ್ಲ ಕ್ಲಚ್ ಪ್ಲೇಟ್‌ನಲ್ಲಿ ಬಿಸಿಯಾಗಿ ಕೂರುತ್ತದೆ.

ವಾಸನೆ ಬಂದ ಮೇಲೆ ಮತ್ತೊಂದು ರನ್ ಬೇಡವೇ ಬೇಡ. ಕಾರನ್ನು ನಿಧಾನಕ್ಕೆ ಓಡಿಸಿಕೊಂಡು ಬನ್ನಿ, ಆಮೇಲೆ ನಿಲ್ಲಿಸಿ ಚೆನ್ನಾಗಿ ಆರಲು ಬಿಡಿ. ಬಿಸಿಯಲ್ಲೇ ಮತ್ತೆ ಜಾರಿಸಿದರೆ ಪ್ಲೇಟ್ ಮೇಲ್ಮೈ ಗಾಜಿನಂತೆ ನುಣುಪಾಗಿ ಹಿಡಿತ ಹೋಗುತ್ತದೆ, ಫ್ಲೈವೀಲ್ ಮೇಲೆ ನೀಲಿ ಕಲೆ ಬೀಳುತ್ತದೆ. ನಿಮ್ಮ ಕಾರಿಗೆ ಡ್ಯುಯಲ್ ಮಾಸ್ ಫ್ಲೈವೀಲ್ ಇದೆಯಾ ಅಂತ ಮೆಕ್ಯಾನಿಕ್ಕನ್ನು ಕೇಳಿ ತಿಳಿದುಕೊಳ್ಳಿ. ತುಂಬಾ ಡೀಸೆಲ್ ಕಾರುಗಳಲ್ಲಿ ಇರುತ್ತದೆ, ಒಳಗೆ ಸ್ಪ್ರಿಂಗ್ ಇರುವ ಆ ಭಾಗ ಹಾಳಾದರೆ ಕ್ಲಚ್ ಸೆಟ್‌ಗಿಂತ ಅದೇ ದುಬಾರಿ.

ಸೆರಾಮಿಕ್ ಬಿಸಿ ತಡೆಯುತ್ತದೆ, ನಿಜ. ಆದರೆ ಅದು ಹಿಡಿದರೆ ಪೂರ್ತಿ, ಬಿಟ್ಟರೆ ಪೂರ್ತಿ ಅನ್ನೋ ಜಾತಿ. ನಯವಾಗಿ ಜಾರಿಸೋಕೆ ಆಗೋದಿಲ್ಲ, ಕಾರು ಗಡಗಡ ನಡುಗುತ್ತದೆ. ಅದೇ ಕಾರಲ್ಲಿ ಸಿಲ್ಕ್ ಬೋರ್ಡ್ ಟ್ರಾಫಿಕ್‌ನಲ್ಲಿ ಒಂದು ಸಂಜೆ ಕಳೆದು ನೋಡಿ, ಮೊಣಕಾಲು ಹೇಳುತ್ತದೆ. ಎಂಜಿನ್ ಟ್ಯೂನ್ ಮಾಡಿಸದ ಕಾರಿಗೆ ಕಂಪನಿ ಕ್ಲಚ್ಚೇ ಸಾಕು.

ಪ್ರಶ್ನೆ: ಹಸಿರು ದೀಪ ಬಂದ ಮೇಲೆ ತಡವಾಗಿ ಹೊರಟರೆ ನನ್ನ ಟೈಮ್ ಹಾಳಾಗುತ್ತದಾ? (ಓದುಗರು, ಮಂಗಳೂರು)

ಉತ್ತರ: ಟೈಮ್ ಹಾಳಾಗೋದಿಲ್ಲ. ಗಡಿಯಾರ ಶುರುವಾಗೋದು ಹಸಿರು ದೀಪದಿಂದ ಅಲ್ಲ, ನಿಮ್ಮ ಮುಂದಿನ ಟೈರ್ ಸ್ಟೇಜ್ ಬೀಮ್ (ಸ್ಟಾರ್ಟ್ ಲೈನ್‌ನಲ್ಲಿ ಅಡ್ಡಲಾಗಿ ಹಾಯುವ ಬೆಳಕಿನ ಕಿರಣ) ದಾಟಿ ಹೊರಬಂದಾಗ. ಬರೀ ಟೈಮ್ ನೋಡುವ ಸ್ಪರ್ಧೆಯಲ್ಲಿ ಹಾಗಾಗಿ ಗಾಬರಿ ಬೇಡ, ಎಡಗಾಲು ಸಿದ್ಧವಾದ ಮೇಲೆ ಹೊರಡಿ. ಪಕ್ಕದ ಕಾರಿನ ಜೊತೆ ಪೈಪೋಟಿ ಇದ್ದರೆ ಮಾತ್ರ ತಡ ಮಾಡಿದಷ್ಟೂ ನಷ್ಟ. ಪ್ರೀ-ಸ್ಟೇಜ್ ದೀಪ (ಲೈನ್ ಹತ್ತಿರ ಬಂದಿರಿ ಅಂತ ತೋರಿಸುವ ಮೊದಲ ದೀಪ) ಹತ್ತಿದ ಮೇಲೆ ಸ್ಟೇಜ್ ಬೀಮ್ ಇನ್ನು 7 ಇಂಚು ದೂರ ಅಷ್ಟೇ. ತೆವಳುತ್ತಾ ಹೋಗಿ, ಎರಡನೇ ದೀಪ ಹತ್ತಿದ ಕ್ಷಣವೇ ಬ್ರೇಕ್ ಹಿಡಿಯಿರಿ. ಬೀಮ್ ಒಳಗೆ ಕಮ್ಮಿ ನುಗ್ಗಿದಷ್ಟೂ ಗಡಿಯಾರ ಶುರುವಾಗುವ ಮೊದಲೇ ಕಾರು ಸ್ವಲ್ಪ ಉರುಳಿರುತ್ತದೆ, ಆ ಲಾಭ ನಿಮ್ಮ ಟೈಮ್‌ನಲ್ಲಿ ಕಾಣುತ್ತದೆ.