ಒಂದು ಫೋಟೋಕ್ಕೆ ಅಷ್ಟು ನೀರಾ?

ಪತ್ರ: ‘ಕಳೆದ ಸಂಚಿಕೆಯಲ್ಲಿ ಕಾರವಾರದ ಹಿರಿಯ ಛಾಯಾಗ್ರಾಹಕರೊಬ್ಬರ ಬಗ್ಗೆ ಪುಟಗಟ್ಟಲೆ ಬರೆದಿದ್ದೀರಿ. ಬಚ್ಚಲುಮನೆಯ ಕಿಟಕಿಗೆ ಕಪ್ಪು ಬಟ್ಟೆ ಕಟ್ಟಿಕೊಂಡು ಇವತ್ತಿಗೂ ಕಪ್ಪು-ಬಿಳುಪು ಪ್ರಿಂಟ್ ಹಾಕುತ್ತಾರಂತೆ. ಒಂದು ಪ್ರಿಂಟ್ ತೊಳೆಯಲು ಒಂದು ತಾಸು ನಲ್ಲಿ ಬಿಡಬೇಕೇ? ಮೊಬೈಲಿನಲ್ಲಿ ಒಮ್ಮೆ ಒತ್ತಿದರೆ ಅದೇ ಕಪ್ಪು-ಬಿಳುಪು ಬರುತ್ತದೆ. ಏಪ್ರಿಲ್‌ಗೆ ಬಾವಿ ಬತ್ತುವ ಊರಿನಲ್ಲಿ ಇಂಥ ಹಟವನ್ನು ಹೊಗಳುವುದು ಸರಿಯೇ?’
— ನಿವೃತ್ತ ಗಣಿತ ಶಿಕ್ಷಕರು, ಕುಮಟಾ

ಉತ್ತರ:

ಮಾಸ್ತರೇ, ನಿಮ್ಮ ಪತ್ರ ನೋಡಿ ಖುಷಿಯಾಯಿತು. ಜಗಳ ತೆಗೆಯುವ ಓದುಗರು ಈಗ ಕಡಿಮೆ. ಓದದೇ ಹೆಬ್ಬೆರಳು ಎತ್ತಿ ಕಳಿಸುವವರೇ ಜಾಸ್ತಿ.

ನಿಮಗೆ ಸಲ್ಲಬೇಕಾದ್ದನ್ನು ಮೊದಲೇ ಸಲ್ಲಿಸಿಬಿಡುತ್ತೇನೆ. ಮೊಬೈಲ್ ಬಂದದ್ದು ಒಳ್ಳೆಯದೇ. ಮೀನು ಮಾರುವ ಹೆಂಗಸಿಗೆ ಹಿಂದೆ ಮದುವೆಯ ಒಂದು ಫೋಟೋ ಇದ್ದರೆ ಅದೇ ಹೆಚ್ಚು. ಈಗ ಮೊಮ್ಮಗು ನಕ್ಕಾಗಲೆಲ್ಲ ಒಂದು ತೆಗೆಯಬಹುದು. ಪ್ರಿಂಟ್ ಬೆಳಕಿಗೆ ಕೆಡದಂತೆ ಅದ್ದುವ ಹೈಪೋ ಎಂಬ ರಾಸಾಯನಿಕದ ನೀರನ್ನು ಕಂಡಕಂಡಲ್ಲಿ ಚೆಲ್ಲಬಾರದು ಎನ್ನುವುದೂ ನಿಜ, ಅದರಲ್ಲಿ ಬೆಳ್ಳಿ ಕರಗಿರುತ್ತದೆ. ಆಯ್ತಲ್ಲ? ಇನ್ನು ನನ್ನ ಸರದಿ.

‘ಅದೇ ಕಪ್ಪು-ಬಿಳುಪು’ ಎಂದಿರಲ್ಲ, ಅಲ್ಲೇ ನನ್ನ ತಕರಾರು. ಆ ಹಿರಿಯರು ಪ್ರಿಂಟ್ ಹಾಕುವುದನ್ನು ನಾನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಪೇಪರಿನ ಮೇಲೆ ಚಿತ್ರ ಮೂಡಿಸುವ ದ್ರಾವಣ, ಅಂದರೆ ಡೆವಲಪರ್, 20 ಡಿಗ್ರಿ ಇರಬೇಕು. ಕಾರವಾರದ ಸೆಖೆಯಲ್ಲಿ ನೀರು ತಾನಾಗಿ ಅಷ್ಟು ತಣ್ಣಗೆ ಎಲ್ಲಿರುತ್ತದೆ? ಬೈತಖೋಲ ಬಂದರಿನಲ್ಲಿ ಮೀನಿಗೆ ಹಾಕುವ ಐಸನ್ನೇ ತಂದು, ದೊಡ್ಡ ಟ್ರೇಯಲ್ಲಿ ಹರಡಿ, ಅದರ ಮೇಲೆ ಡೆವಲಪರ್ ಟ್ರೇ ಕೂರಿಸುತ್ತಾರೆ. ಹಾಗೆ ಮಾಡದಿದ್ದರೆ ಪೇಪರಿನ ಮೇಲಿನ ಜೆಲಟಿನ್ ಮೆತ್ತಗಾಗಿ, ಉಗುರು ತಾಗಿದರೂ ಗೀರು ಬೀಳುತ್ತದೆ.

ಅವತ್ತು ಹಾಕುತ್ತಿದ್ದದ್ದು ಹಾಲಕ್ಕಿ ಅಜ್ಜಿಯೊಬ್ಬರ ಚಿತ್ರ. ಕೊರಳ ತುಂಬ ಮಣಿಸರ, ಮುಖದ ಅರ್ಧ ನೆರಳಿನಲ್ಲಿ. ಪ್ರಿಂಟಿನಲ್ಲಿ ಬೆಳಕು ಹೆಚ್ಚು ಬಿದ್ದಷ್ಟೂ ಕಪ್ಪು. ಮುಖಕ್ಕೆ ಸರಿಹೋಗುವಷ್ಟೇ ಬೆಳಕು ಕೊಟ್ಟರೆ ಮಣಿಗಳೆಲ್ಲ ಒಂದೇ ಬಿಳಿ ಮುದ್ದೆ. ಮಣಿಗೆ ಸರಿಹೋಗುವಷ್ಟು ಕೊಟ್ಟರೆ ಮುಖ ಮಸಿ. ಇವರ ಹತ್ತಿರ ಸೈಕಲ್ ಕಡ್ಡಿಯೊಂದಿದೆ, ಅದರ ತುದಿಗೆ ಉರುಟು ರಟ್ಟು ಅಂಟಿಸಿದ್ದಾರೆ. ನೆಗೆಟಿವ್ ಚಿತ್ರವನ್ನು ದೊಡ್ಡದು ಮಾಡಿ ಪೇಪರಿನ ಮೇಲೆ ಬೀಳಿಸುವ ಎನ್‌ಲಾರ್ಜರ್ ಯಂತ್ರದ ಬೆಳಕು ಬೀಳುವಾಗ ಆ ರಟ್ಟನ್ನು ಅಜ್ಜಿಯ ಕೆನ್ನೆಯ ಮೇಲೆ ಅಲ್ಲಾಡಿಸುತ್ತಾ, ಬಾಯಲ್ಲಿ ಸೆಕೆಂಡು ಎಣಿಸುತ್ತಾರೆ. ಒಂದು ಕಡೆ ನಿಲ್ಲಿಸಿದರೆ ಅಂಚಿನ ಗೆರೆ ಮೂಡಿಬಿಡುತ್ತದೆ. ಆಮೇಲೆ ಅಂಗೈ ಮರೆ ಮಾಡಿ, ಬೆರಳ ಸಂದಿಯಿಂದ ಮಣಿಸರಕ್ಕಷ್ಟೇ ಇನ್ನೊಂದಿಷ್ಟು ಬೆಳಕು. ಹಾಗೆ ಬಂದ ಮೊದಲ ಪ್ರಿಂಟನ್ನು ನೋಡಿ, ತಲೆ ಅಲ್ಲಾಡಿಸಿ, ಬುಟ್ಟಿಗೆ ಹಾಕಿದರು. ನನ್ನ ಕಣ್ಣಿಗೆ ಅದು ಚೆನ್ನಾಗೇ ಇತ್ತು.

ಅದೇ ಅಜ್ಜಿಯನ್ನು ಮೊಬೈಲಿನಲ್ಲಿ ತೆಗೆದು ನೋಡಿ. ಎಷ್ಟೋ ಫೋನುಗಳು ಕೇಳದೆಯೇ ಸುಕ್ಕು ಅಳಿಸಿ, ಬಣ್ಣ ತಿಳಿ ಮಾಡಿ ಕೊಡುತ್ತವೆ. ಸ್ಟುಡಿಯೋದವರೂ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮೊಡವೆ ಮುಚ್ಚುತ್ತಿದ್ದರು, ಗೊತ್ತು. ಅಲ್ಲಿ ಮುಚ್ಚಿದವರು ಯಾರು ಅಂತಾದರೂ ತಿಳಿಯುತ್ತಿತ್ತು.

ಈಗ ನಿಮ್ಮ ನೀರಿನ ವಿಷಯ. ಲೇಖನದಲ್ಲಿ ‘ಒಂದು ತಾಸು ತೊಳೆಯುತ್ತಾರೆ’ ಅಂತಿತ್ತು ಮಾಸ್ತರೇ. ‘ನಲ್ಲಿ ಬಿಟ್ಟು’ ಅಂತಿರಲಿಲ್ಲ. ಆ ನಲ್ಲಿ ನೀವು ಹಾಕಿಸಿದ್ದು! ಅವರು ಟ್ರೇಯಲ್ಲಿ ನೆನೆಸುತ್ತಾರೆ, ನೀರು ತೆಗೆಯುತ್ತಾರೆ, ಹೊಸದು ತುಂಬುತ್ತಾರೆ. ನೀವು ಸ್ನಾನಕ್ಕೆ ಸುರಿದುಕೊಳ್ಳುವುದಕ್ಕಿಂತ ಜಾಸ್ತಿ ನೀರು ಅಲ್ಲಿ ಖರ್ಚಾಗುವುದಿಲ್ಲ.

ಅಷ್ಟು ಹೊತ್ತು ಯಾಕೆ ಅಂತ ಕೇಳಿ. ಇದು ಶುರುವಾದದ್ದೇ ನಿಮ್ಮವರಿಂದ. ಫೋಟೋ ತೆಗೆಯುವುದನ್ನು ಕಂಡುಹಿಡಿದವರಿಗೆ ದೊಡ್ಡ ತಲೆನೋವು, ಬಂದ ಚಿತ್ರವನ್ನು ಬೆಳಕಿನಲ್ಲಿ ಉಳಿಸಿಕೊಳ್ಳುವುದು. ಇಂಗ್ಲೆಂಡಿನ ಟಾಲ್ಬಟ್ ಮೊದಮೊದಲು ಗಟ್ಟಿ ಉಪ್ಪುನೀರಿನಲ್ಲಿ ಅದ್ದುತ್ತಿದ್ದ, ನಮ್ಮ ಸಾಣಿಕಟ್ಟೆಯಲ್ಲಿ ಬೆಳೆಯುವಂಥ ಉಪ್ಪೇ. ಅದು ಅರೆಬರೆ ಉಪಾಯ. ಹೈಪೋ ಬೆಳ್ಳಿಯ ಲವಣವನ್ನು ಕರಗಿಸುತ್ತದೆ ಎಂದು 1819ರಲ್ಲೇ ಕಂಡುಕೊಂಡವನು ಜಾನ್ ಹರ್ಷೆಲ್. 1839ರಲ್ಲಿ ಅದನ್ನೇ ಫೋಟೋಕ್ಕೆ ಬಳಸಿ ತೋರಿಸಿದ. ಕೇಂಬ್ರಿಜ್‌ನ ಗಣಿತ ಪರೀಕ್ಷೆಯಲ್ಲಿ 1813ರಲ್ಲಿ ಮೊದಲ ಸ್ಥಾನ ಪಡೆದವನು ಆತ. ಹಾಗಾಗಿ ಗಣಿತದವರು ಡಾರ್ಕ್‌ರೂಮಿಗೆ ಬೈಯುವುದು ಅಷ್ಟು ಶೋಭೆಯಲ್ಲ.

ಹೈಪೋ ತನ್ನ ಕೆಲಸ ಮುಗಿಸಿದ ಮೇಲೆ ಕಾಗದದಿಂದ ಪೂರ್ತಿ ಹೋಗಬೇಕು. ಪ್ಲಾಸ್ಟಿಕ್ ಲೇಪದ ಪೇಪರಾದರೆ ಕೆಲವೇ ನಿಮಿಷ ಸಾಕು. ಇವರು ಬಳಸುವ ಹಳೇ ನಮೂನೆಯ ಪೇಪರ್ ಹೈಪೋವನ್ನು ನಾರಿನೊಳಗೆ ಹೀರಿಕೊಂಡಿರುತ್ತದೆ. ತೊಳೆಯದೆ ಬಿಟ್ಟರೆ ಏನಾಗುತ್ತದೆ? ಅವತ್ತು ಏನೂ ಆಗುವುದಿಲ್ಲ. ಗಿರಾಕಿ ಖುಷಿಯಿಂದ ದುಡ್ಡು ಕೊಟ್ಟು ಹೋಗುತ್ತಾನೆ. ವರ್ಷಗಳು ಕಳೆದ ಮೇಲೆ ಚಿತ್ರ ಹಳದಿಗಟ್ಟಿ, ಕಂದಾಗಿ ಮಾಸುತ್ತದೆ. ಅಷ್ಟರಲ್ಲಿ ಸ್ಟುಡಿಯೋ ಇರುವುದಿಲ್ಲ, ಕೇಳುವವರೂ ಇರುವುದಿಲ್ಲ. ಯಾರೂ ಪರೀಕ್ಷೆ ಮಾಡದ ಈ ತೊಳೆಯುವ ಕೆಲಸವನ್ನು ಅವರು ಇವತ್ತಿಗೂ ಕೈಬಿಟ್ಟಿಲ್ಲ. ನಾನು ಪುಟಗಟ್ಟಲೆ ಬರೆದದ್ದು ಅದಕ್ಕೇ. ಇಂಥವರು ರಸ್ತೆ ಗುತ್ತಿಗೆಯಲ್ಲೂ ಒಬ್ಬಿಬ್ಬರು ಇದ್ದಿದ್ದರೆ ಮಳೆಗಾಲದಲ್ಲಿ ನಮ್ಮ ಘಟ್ಟ ಇಳಿಯುವುದು ಇಷ್ಟು ಕಷ್ಟ ಆಗುತ್ತಿರಲಿಲ್ಲ.

ನಿಮ್ಮ ಮನೆಯ ಆಲ್ಬಮ್ಮುಗಳನ್ನೇ ತೆಗೆದು ನೋಡಿ. ಎಂಬತ್ತರ ದಶಕದ ಮದುವೆಯ ಕಲರ್ ಫೋಟೋಗಳಲ್ಲಿ ಎಷ್ಟೋ ಕೆಂಪಗಾಗಿರುತ್ತವೆ. ಅದಕ್ಕೂ ಹಿಂದಿನ ಕಪ್ಪು-ಬಿಳುಪು ಫೋಟೋದಲ್ಲಿ ಅಜ್ಜ ಹಾಗೇ ಕೂತಿರುತ್ತಾರೆ. ಒಂದರಲ್ಲಿರುವುದು ಬಣ್ಣ, ಇನ್ನೊಂದರಲ್ಲಿರುವುದು ಬೆಳ್ಳಿ. ಆ ಅಜ್ಜನ ಫೋಟೋದ ಪೇಪರ್ ನಮ್ಮ ದೇಶದ್ದೇ ಆಗಿರಬಹುದು. 1960ರಲ್ಲಿ ಊಟಿಯಲ್ಲಿ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಎಂಬ ಸರ್ಕಾರಿ ಕಂಪನಿ ಶುರುವಾಯಿತು, ‘ಇಂದು’ ಅಂತ ಅದರ ಮಾರ್ಕು. ಅದೂ ಮುಚ್ಚಿತು. ಕೊಡಕ್ ಕಂಪನಿಯೇ 2005ರಲ್ಲಿ ಕಪ್ಪು-ಬಿಳುಪು ಪೇಪರ್ ಮಾಡುವುದನ್ನು ನಿಲ್ಲಿಸಿತು. ಈಗ ನಮ್ಮ ಹಿರಿಯರು ಇಂಗ್ಲೆಂಡಿನಿಂದ ಬರುವ ಪೇಪರಿಗೆ ಪಿಂಚಣಿ ಸುರಿಯುತ್ತಾರೆ. ಮನೆಯವರ ಬೈಗುಳವೂ ಇದೆ, ಅದನ್ನು ಲೇಖನದಲ್ಲಿ ಬಿಟ್ಟಿದ್ದೆ.

ನನ್ನ ನಿಜವಾದ ಸಂಕಟ ಬೇರೆ. ಪತ್ರಿಕೆಗೆ ಪ್ರತಿ ತಿಂಗಳು ಶ್ರದ್ಧಾಂಜಲಿ ಫೋಟೋಗಳು ಬರುತ್ತವೆ. ಹಿಂದೆ ಲಕೋಟೆಯಲ್ಲಿ ಪಾಸ್‌ಪೋರ್ಟ್ ಸೈಜಿನದೋ ಪೋಸ್ಟ್‌ಕಾರ್ಡ್ ಸೈಜಿನದೋ ಬರುತ್ತಿತ್ತು, ಬೆನ್ನಿಗೆ ಸ್ಟುಡಿಯೋ ಸೀಲು. ಈಗ ವಾಟ್ಸಾಪ್. ಯಾವುದೋ ಮದುವೆಯ ಗುಂಪಿನಿಂದ ಕತ್ತರಿಸಿದ ಮುಖ. ತೀರಿಹೋದವರ ಹೆಗಲ ಮೇಲೆ ಇನ್ಯಾರದೋ ಕೈ ಹಾಗೇ ಉಳಿದಿರುತ್ತದೆ. ‘ಬೇರೆ ಫೋಟೋ ಇದೆಯಾ?’ ಅಂತ ಕೇಳಿದರೆ, ‘ಸಾವಿರ ಇತ್ತು ಸರ್, ಫೋನ್ ಹಾಳಾಯ್ತು’ ಎನ್ನುತ್ತಾರೆ. ಅರವತ್ತು ವರ್ಷ ತೋಟದಲ್ಲಿ ದುಡಿದವರಿಗೆ ಸರಿಯಾದ ಒಂದು ಮುಖ ಉಳಿಯಲಿಲ್ಲ ಅಂದರೆ ಹೊಟ್ಟೆ ಉರಿಯುವುದಿಲ್ಲವೇ?

ಊರಿನ ಗತಿಯೂ ಅದೇ. ಕಾಳಿ ನದಿಯ ಅಣೆಕಟ್ಟಿನಲ್ಲಿ ಸೂಪಾ ಊರೇ ಮುಳುಗಿತು. 1983ರ ಸೆಪ್ಟೆಂಬರಿನಲ್ಲಿ ಸಿರ್ಸಿಯ ಸಾಲ್ಕಣಿ ಕಡೆಯ ಜನ ಕಳಸೆ ಕಾಡಿನಲ್ಲಿ ಮರ ಕಡಿಯಲು ಬಿಡದೆ ಅಪ್ಪಿಕೊಂಡು ನಿಂತರು. ಸೂಪಾದ ಆ ಸಂತೆ, ಕಾಡಿನ ಆ ಮುಖಗಳು ಯಾರ ಯಾರ ಅಟ್ಟದ ಡಬ್ಬಿಯಲ್ಲಿವೆಯೋ! ಸ್ಟುಡಿಯೋ ಮುಚ್ಚುವಾಗ ನೆಗೆಟಿವ್‌ಗಳನ್ನು ಗುಜರಿಗೆ ಹಾಕುತ್ತಾರೆ. ಸುಟ್ಟು ಬೆಳ್ಳಿ ತೆಗೆಯುವವರು ಅದನ್ನು ಕಿಲೋ ಲೆಕ್ಕದಲ್ಲಿ ಕೊಳ್ಳುತ್ತಾರೆ. ನಮ್ಮ ಜಿಲ್ಲೆಯಲ್ಲಿ ಅಡಿಕೆ ಇಡಲು ಎಷ್ಟು ಗೋದಾಮುಗಳಿವೆ! ಈ ನೆಗೆಟಿವ್‌ಗಳಿಗೊಂದು ಒಣ ಕೋಣೆ ಮಾಡಿ ಎಂದು ಸಭೆಗಳಲ್ಲಿ ಹೇಳಿ ಸಾಕಾಗಿದೆ. ಭಾಷಣಕ್ಕೆ ಚಪ್ಪಾಳೆ ಬೀಳುತ್ತದೆ, ಫ್ಲೆಕ್ಸಿನಲ್ಲಿ ನನ್ನ ಮುಖವೂ ಬರುತ್ತದೆ, ಅಲ್ಲಿಗೆ ಮುಗಿಯಿತು.

ಮಾಸ್ತರೇ, ನಿಮ್ಮ ಶಾಲೆಯ ಹಳೇ ಗ್ರೂಪ್ ಫೋಟೋಗಳು ನಿಮ್ಮಲ್ಲಿ ಇರಲೇಬೇಕು. ಕಳಿಸಿಕೊಡಿ, ಮುಂದಿನ ಸಂಚಿಕೆಯಲ್ಲಿ ಹಾಕೋಣ. ಎರಡು ರಟ್ಟಿನ ನಡುವೆ ಇಟ್ಟು ಕಳಿಸಿ. ಯಾರು ಎಲ್ಲಿ ಕೂತಿದ್ದಾರೆ ಎಂಬುದನ್ನು ಬೇರೆ ಹಾಳೆಯಲ್ಲಿ ಬರೆಯಿರಿ. ಫೋಟೋದ ಬೆನ್ನಿಗೆ ಬಾಲ್‌ಪೆನ್ ಮುಟ್ಟಿಸಬೇಡಿ, ಎದುರಿಗೆ ಅಚ್ಚು ಮೂಡುತ್ತದೆ.

— ಸಂಪಾದಕ