ಬೇಟ್‌ಕಾಸ್ಟರ್ ಗರಗರ ಅಂದ್ರೆ ಬಿಸಾಡಬೇಡಿ

ಎರಡು ವರ್ಷದ ಬೇಟ್‌ಕಾಸ್ಟರ್, ಅಂದ್ರೆ ಗಾಳದ ಕೋಲಿನ ಮೇಲೆ ಅಡ್ಡಲಾಗಿ ಕೂರೋ ದಾರದ ರೀಲು, ಅದರಲ್ಲೂ ತಗ್ಗು ಆಕಾರದ ಲೋ ಪ್ರೊಫೈಲ್, ಹ್ಯಾಂಡಲ್ ತಿರುಗಿಸಿದ್ರೆ ಗರಗರ, ಎಸೆದ್ರೆ ಕೀಂಯ್ ಅನ್ನುತ್ತೆ, ಇದನ್ನ ಬಿಟ್ಟು ಕೋಲಿನ ಕೆಳಗೆ ತೂಗೋ ಸ್ಪಿನ್ನಿಂಗ್ ರೀಲೇ ತಗೊಳ್ಲಾ ಅಂತ ಕೇಳಿದ್ದೀರಿ. ಅಳಿವೆಯಲ್ಲಿ ಗಾಳ ಹಾಕ್ತೀನಿ ಅಂತಲೂ ಬರೆದಿದ್ದೀರಿ. ಅಲ್ಲಿಗೆ ಅರ್ಧ ಉತ್ತರ ಸಿಕ್ಕ ಹಾಗೆ. ಮೀನು ಎಳೆದು ಹಾಳಾದ ಬೇಟ್‌ಕಾಸ್ಟರ್ ನಾನು ಕಂಡಿದ್ದು ಕಡಿಮೆ. ಉಪ್ಪು ನೀರು ಕುಡಿದು, ಜೂನ್‌ನಿಂದ ಕಪಾಟಿನಲ್ಲಿ ಕೂತು ಸತ್ತದ್ದೇ ಹೆಚ್ಚು.

ಸ್ಕ್ರೂಡ್ರೈವರ್ ಹಿಡಿಯೋ ಮೊದ್ಲು ಸದ್ದು ಎಲ್ಲಿಂದ ಬರ್ತಿದೆ ನೋಡಿ. ಎಸೆಯುವಾಗ ಒತ್ತೋ ಹೆಬ್ಬೆರಳ ಬಟನ್ ಒತ್ತಿ, ದಾರ ಸುತ್ತಿರೋ ಉರುಳೆಯನ್ನು, ಅಂದ್ರೆ ಸ್ಪೂಲನ್ನು, ಬೆರಳಲ್ಲಿ ಸುತ್ತಿಸಿ ಬಿಡಿ. ಆಗಲೂ ಕೂಗಿದ್ರೆ ಸ್ಪೂಲ್ ಬೇರಿಂಗ್. ಸ್ಪೂಲ್ ಸದ್ದಿಲ್ಲದೆ ಓಡಿ, ಹ್ಯಾಂಡಲ್ ತಿರುಗಿಸಿದಾಗ ಮಾತ್ರ ಗರಗರ ಅಂದ್ರೆ ಗೇರು ಅಥವಾ ಲೆವೆಲ್‌ವೈಂಡ್, ಅಂದ್ರೆ ಅತ್ತಿಂದಿತ್ತ ಓಡಾಡಿ ದಾರವನ್ನು ಸ್ಪೂಲಿಗೆ ಸಮವಾಗಿ ಸುತ್ತೋ ಭಾಗ. ನಿಮ್ಮ ವಿವರ ನೋಡಿದ್ರೆ ಎರಡೂ ಕಡೆ ಉಪ್ಪು ಕೂತಿದೆ ಅನ್ಸುತ್ತೆ.

ಮೊದ್ಲು ಲೆವೆಲ್‌ವೈಂಡ್ ನೋಡಿ. ದಾರ ಹಾಯೋ ಗೈಡಿನ ಕೆಳಗೆ ಒಂದು ಪುಟ್ಟ ಮುಚ್ಚಳ ಇರುತ್ತೆ. ಬಿಚ್ಚಿದ್ರೆ ಬೇಳೆಕಾಳಿನಷ್ಟು ಲೋಹದ ತುಂಡು ಕೈಗೆ ಬೀಳುತ್ತೆ, ಅದೇ ಪಾಲ್. ತುದಿ ಅರ್ಧಚಂದ್ರದ ಹಾಗೆ ದುಂಡಗಿರಬೇಕು. ಸವೆದು ಚೂಪಾಗಿದ್ರೆ ಬದಲಾಯಿಸಿ, ಸಣ್ಣ ಖರ್ಚು. ಅದು ಓಡಾಡೋ ಸುರುಳಿ ಗೀರಿನ ಕಂಬಿ, ಅಂದ್ರೆ ವರ್ಮ್ ಶಾಫ್ಟಿನ ಗೀರುಗಳಲ್ಲಿ ಮರಳು, ಉಪ್ಪು ಸೇರಿ ಕಪ್ಪು ಹಿಟ್ಟಿನ ಹಾಗೆ ಅಂಟಿರುತ್ತೆ. ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ ತೆಗೆದು ಒಂದು ಹನಿ ಎಣ್ಣೆ ಬಿಡಿ. ಎಷ್ಟೋ ಸಲ ಗರಗರ ಇಲ್ಲೇ ಮುಗಿಯುತ್ತೆ. ಈ ಕೆಲಸ ಅಂಚಿರೋ ಸ್ಟೀಲ್ ತಟ್ಟೆ ಮೇಲೆ ಮಾಡಿ. ನಾನು ಜಗಲಿ ಮೇಲೆ ಕೂತು ಬಿಚ್ಚಿ, ಒಂದು ಸ್ಪ್ರಿಂಗ್ ಹಾರಿ ಅಡಿಕೆ ಸಿಪ್ಪೆ ರಾಶಿಗೆ ಬಿತ್ತು. ಇವತ್ತಿಗೂ ಸಿಕ್ಕಿಲ್ಲ.

ಬೇರಿಂಗ್ ಸ್ಟೇನ್‌ಲೆಸ್ ಆದ್ರೂ ಉಪ್ಪಿಗೆ ತುಕ್ಕು ಹಿಡಿಯುತ್ತೆ. ತೆಗೆದು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ನೆನೆಸಿ, ಅಲುಗಾಡಿಸಿ, ಪೂರ್ತಿ ಒಣಗಿಸಿ. ಪೆನ್ಸಿಲ್ ತುದಿಗೆ ಸಿಕ್ಕಿಸಿ ಸುತ್ತಿಸಿ ನೋಡಿ. ಆಮೇಲೂ ತಡೆದ್ರೆ ಬದಲಾಯಿಸೋದೇ. ಒಳವ್ಯಾಸ, ಹೊರವ್ಯಾಸ, ದಪ್ಪ ಅಳೆದು ಕೇಳಿದ್ರೆ ಬೇರಿಂಗ್ ಅಂಗಡಿಯಲ್ಲೂ ಸಿಗಬಹುದು. 3×10×4 ಮಿ.ಮೀ. ತುಂಬ ರೀಲುಗಳಲ್ಲಿ ಬರೋ ಅಳತೆ.

ಎಣ್ಣೆ ವಿಷ್ಯದಲ್ಲಿ ಕೈ ಬಿಗಿ ಇರಲಿ. ಬೇರಿಂಗಿಗೆ ತೆಳ್ಳನೆಯ ರೀಲ್ ಎಣ್ಣೆ ಒಂದೇ ಹನಿ, ಇಲ್ಲದಿದ್ರೆ ಹೊಲಿಗೆ ಮೆಷಿನ್ ಎಣ್ಣೆ ನಡೆಯುತ್ತೆ. ತೆಂಗಿನೆಣ್ಣೆ ಮಾತ್ರ ಬೇಡ ಮಾರಾಯ್ರೇ, ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತೆ, ದಿನ ಕಳೆದ ಹಾಗೆ ಅಂಟಾಗುತ್ತೆ. ಗ್ರೀಸ್ ಇರೋದು ಗೇರಿನ ಹಲ್ಲಿಗೆ, ಅದೂ ತೆಳುವಾಗಿ. ಹ್ಯಾಂಡಲ್ ಹಿಂದಕ್ಕೆ ತಿರುಗದ ಹಾಗೆ ತಡೆಯೋ ಒನ್‌ವೇ ಬೇರಿಂಗಿಗೆ ಗ್ರೀಸ್ ತಾಗಿದ್ರೆ ರೋಲರ್ ಜಾರಿ, ಮೀನು ಎಳೆದಾಗ ಹ್ಯಾಂಡಲ್ ಹಿಂದಕ್ಕೆ ಹೊಡೆಯುತ್ತೆ. ಹಾಗೇ ಎಸೆದಾಗ ಸ್ಪೂಲಿನ ವೇಗ ತಡೆಯೋ ಬ್ರೇಕಿನ ಪುಟ್ಟ ಬ್ಲಾಕುಗಳು ಉಜ್ಜೋ ಜಾಗಕ್ಕೆ ಎಣ್ಣೆ ಹೋದ್ರೆ ಬ್ರೇಕ್ ಹಿಡಿಯಲ್ಲ, ಎಸೆದ ತಕ್ಷಣ ದಾರ ಸಿಕ್ಕುಸಿಕ್ಕಾಗಿ ಹಕ್ಕಿಗೂಡು. ಬೈಗುಳ ಪಾಪ ರೀಲಿಗೆ.

ಇನ್ಮುಂದೆ ಅಳಿವೆಯಿಂದ ಬಂದ ದಿನವೇ ಡ್ರ್ಯಾಗ್, ಅಂದ್ರೆ ಮೀನು ಎಳೆದಾಗ ದಾರ ಎಷ್ಟು ಬಿಗಿಯಾಗಿ ಬಿಡಬೇಕು ಅಂತ ಹೊಂದಿಸೋ ತಿರುಪು, ಬಿಗಿ ಮಾಡಿ, ನಲ್ಲಿ ಸಣ್ಣಗೆ ಬಿಟ್ಟು ತೊಳೀರಿ. ಪೈಪಿನ ಜೋರು ನೀರು, ಬಕೆಟ್ಟಿನಲ್ಲಿ ಮುಳುಗಿಸೋದು ಎರಡೂ ಉಪ್ಪನ್ನು ಒಳಕ್ಕೆ ನುಗ್ಗಿಸುತ್ತೆ. ಒದರಿ, ಒರೆಸಿ, ಪಕ್ಕದ ಮುಚ್ಚಳ (ಸೈಡ್‌ಪ್ಲೇಟ್) ತೆಗೆದು ಸ್ಪೂಲ್ ಹೊರಗಿಟ್ಟು ಒಣಗಿಸಿ. ಎಳೆ ಹೆಣೆದ ಬ್ರೇಡ್ ದಾರ ನೀರು ಹಿಡಿದುಕೊಂಡೇ ಬರೋದ್ರಿಂದ ಅದರಡಿ ಅಲ್ಯೂಮಿನಿಯಂ ಸ್ಪೂಲಿನ ಮೇಲೆ ಬಿಳಿ ಪುಡಿ ಏಳುತ್ತೆ. ವರ್ಷಕ್ಕೊಮ್ಮೆ ದಾರ ಪೂರ್ತಿ ಬಿಚ್ಚಿ ನೋಡಿ. ಎತ್ತಿಡುವಾಗ ಡ್ರ್ಯಾಗ್ ಸಡಿಲ ಇರಲಿ, ಬಿಗಿ ಇಟ್ಟರೆ ಅದರೊಳಗಿನ ವಾಷರ್ ಒತ್ತಿಹೋಗುತ್ತೆ.

ಇಷ್ಟಾದ ಮೇಲೂ ಹೊಸದೇ ಬೇಕು ಅಂದ್ರೆ, ಉಪ್ಪು ನೀರಿಗೆ ಹಳೇ ಶೈಲಿಯ ದುಂಡು ರೀಲನ್ನೂ ನೋಡಿ. ಸ್ವೀಡನ್ನಿನಲ್ಲಿ ಹುಟ್ಟಿದ ಆಬು ಕಂಪನಿಯ ಅಂಬಾಸಡರ್ ಆ ಜಾತಿಯದ್ದು. ಭಾರ ಜಾಸ್ತಿ, ಕೈ ನೋಯುತ್ತೆ, ಆದ್ರೆ ನಮ್ಮ ಅಂಬಾಸಿಡರ್ ಕಾರಿನ ಹಾಗೆ ಮನೆಯಲ್ಲೇ ಬಿಚ್ಚಿ ಕಟ್ಟಬಹುದು.

ಪಾಲ್ ಬಿಚ್ಚಿದ ಮೇಲೆ ಹತ್ತಿರದಿಂದ ಒಂದು ಫೋಟೋ ಹಾಕಿ. ಸವೆದಿದೆಯಾ ಇಲ್ವಾ ನೋಡಿ ಹೇಳ್ತೀನಿ.